ಎರಡೂಕಾಲು ಟನ್ನಿನ ವಾಹನಕ್ಕೆ ಚಳಿಗಾಲದ ಟೈರು

ನಮ್ಮ ಮನೆಯಿಂದ ಮುಖ್ಯರಸ್ತೆಗೆ ಇಳಿಯುವ ದಾರಿ ನೂರು ಮೀಟರಿಗಿಂತ ಉದ್ದವಿಲ್ಲ. ಮೊದಲ ಹಿಮ ಬಿದ್ದ ಬೆಳಿಗ್ಗೆ ಆ ಇಳಿಜಾರಿನಲ್ಲಿ ಕಾಲುನಡಿಗೆಯ ವೇಗದಲ್ಲಿ ಇಳಿಯುತ್ತಿದ್ದ ನನ್ನ ಎಸ್‌ಯುವಿ, ನಾನು ಬ್ರೇಕ್ ಒತ್ತಿದ ಮೇಲೂ ನಿಲ್ಲಲಿಲ್ಲ. ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಟಕಟನೆ ಸದ್ದು ಮಾಡುತ್ತಾ ಪೆಡಲನ್ನು ನನ್ನ ಪಾದಕ್ಕೇ ತಿರುಗಿ ಒದೆಯುತ್ತಿತ್ತು. ಗಾಡಿ ಮಾತ್ರ ಯಾವ ಆತುರವನ್ನೂ ತೋರದೆ ಓರೆಯಾಗಿ ಜಾರಿಕೊಂಡು ಹೋಗಿ, ತಿರುವಿನಲ್ಲಿ ಗುಡ್ಡೆಹಾಕಿದ್ದ ಹಿಮಕ್ಕೆ ಮೂತಿಯಿಟ್ಟು ನಿಂತಿತು. ಬಣ್ಣಕ್ಕೆ ಒಂದು ಗೀರೂ ಆಗಲಿಲ್ಲ. ಆದರೆ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ವಾಹನಕ್ಕೆ ಹಿಮದ ಭಯವಿಲ್ಲ ಎಂದು ಅದನ್ನು ಕೊಂಡ ದಿನದಿಂದ ನಾನು ನಂಬಿಕೊಂಡು ಬಂದಿದ್ದು ಆ ಎಂಟು ಹತ್ತು ಸೆಕೆಂಡುಗಳಲ್ಲಿ ಕಳಚಿಬಿತ್ತು. ಫೋರ್ ವೀಲ್ ಡ್ರೈವ್ ನೆರವಾಗುವುದು ಹೊರಡುವುದಕ್ಕೆ ಮತ್ತು ಏರುವುದಕ್ಕೆ. ನಿಲ್ಲುವಾಗ ಎಲ್ಲ ವಾಹನಗಳಿಗೂ ಇರುವುದು ನಾಲ್ಕೇ ಬ್ರೇಕು ಮತ್ತು ನೆಲಕ್ಕೆ ತಗುಲಿರುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ತುಂಡು ರಬ್ಬರು. ಎರಡೂಕಾಲು ಟನ್ ತೂಗುವ ವಾಹನ ಆ ನಾಲ್ಕು ತುಂಡುಗಳಿಂದ ಕೇಳುವ ಕೆಲಸ ಸಣ್ಣ ಕಾರು ಕೇಳುವುದಕ್ಕಿಂತ ಬಹಳ ಹೆಚ್ಚಿನದು.

ವಾಹನದ ಜೊತೆಗೆ ಬಂದಿದ್ದವು ಬೇಸಿಗೆಯ ಟೈರುಗಳು, ಅವೂ 21 ಇಂಚಿನ ರಿಮ್ಮಿನ ಮೇಲೆ. ಮುಂದೆ 275/40, ಹಿಂದೆ 315/35; ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ನೋಡಲು ಬಲು ಸೊಗಸು. ಬೇಸಿಗೆಯ ಟೈರಿನ ರಬ್ಬರನ್ನು ಬಿಸಿ ರಸ್ತೆಯ ಮೇಲೆ ಗಟ್ಟಿಯಾಗಿ ನಿಲ್ಲುವಂತೆ ಹದಮಾಡಿರುತ್ತಾರೆ. ಉಷ್ಣಾಂಶ ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಿದ್ದಂತೆ ಅದು ಬಿಗಿಯಾಗತೊಡಗಿ, ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರಿನಲ್ಲಿ ಸಿಲಿಕಾ ಹೆಚ್ಚಿರುತ್ತದೆ, ಆದ್ದರಿಂದ ಅದು ಕೊರೆಯುವ ಚಳಿಯಲ್ಲೂ ಮೆತ್ತಗೆ ಉಳಿಯುತ್ತದೆ. ಟ್ರೆಡ್ಡಿನ, ಎಂದರೆ ನೆಲಕ್ಕೆ ತಾಗುವ ಮೈಯ, ಪ್ರತಿಯೊಂದು ದಿಂಡಿನ ಮೇಲೂ ಬ್ಲೇಡಿನಿಂದ ಸೀಳಿದಂತೆ ಕಾಣುವ ತೆಳು ಗೀರುಗಳಿರುತ್ತವೆ. ಅವಕ್ಕೆ ಸೈಪ್ ಎಂದು ಹೆಸರು. ಚಕ್ರ ಉರುಳುವಾಗ ಅವು ಬಿರಿದುಕೊಂಡು ನೂರಾರು ಸಣ್ಣ ಅಂಚುಗಳಾಗಿ ನೆಲವನ್ನು ಕಚ್ಚುತ್ತವೆ. ದಿಂಡುಗಳ ನಡುವಿನ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುವುದನ್ನು ನಾನು ದೋಷವೆಂದು ತಿಳಿದಿದ್ದೆ, ಅದು ತಪ್ಪು: ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ, ಉಂಡೆ ಕಟ್ಟುವ ಮಕ್ಕಳಿಗೆಲ್ಲ ಗೊತ್ತಿರುವ ಆ ಸಂಗತಿಯೇ ಟೈರಿಗೂ ಹಿಡಿತ ಕೊಡುತ್ತದೆ.

ಯಾವ ಕಂಪನಿಯ ಟೈರು ಎಂಬ ಪ್ರಶ್ನೆಯಿಂದ ನಾನು ಹುಡುಕಾಟ ಆರಂಭಿಸಿದೆ. ಅದು ಕೊನೆಗೆ ಕೇಳಬೇಕಾಗಿದ್ದ ಪ್ರಶ್ನೆಯೆಂದು ತಿಳಿಯಲು ಮೂರು ವಾರ ಹಿಡಿಯಿತು.

ಮೊದಲು ಎದುರಾದದ್ದು ಗುರುತುಗಳ ಗೊಂದಲ. ಪರಿಚಿತರೊಬ್ಬರು ತಮ್ಮ ಟೈರಿನ ಪಕ್ಕೆಯ ಮೇಲಿದ್ದ ‘ಎಂ ಪ್ಲಸ್ ಎಸ್’ ಅಕ್ಷರಗಳನ್ನು ತೋರಿಸಿ, ಕೆಸರು ಮತ್ತು ಹಿಮ ಎಂದರ್ಥ, ಇದಿದ್ದರೆ ಸಾಕು ಎಂದರು. ವಾಸ್ತವದಲ್ಲಿ ಆ ಅಕ್ಷರಗಳನ್ನು ತಯಾರಕರು ಟ್ರೆಡ್ಡಿನ ವಿನ್ಯಾಸವನ್ನು ಆಧರಿಸಿ ತಾವೇ ಅಚ್ಚುಹಾಕಿಕೊಳ್ಳುತ್ತಾರೆ. ಅದಕ್ಕಾಗಿ ಟೈರು ಹಿಮದ ಮೇಲೆ ಯಾವ ಪರೀಕ್ಷೆಯಲ್ಲೂ ಗೆಲ್ಲಬೇಕಿಲ್ಲ. ಜರ್ಮನಿಯಲ್ಲಿ ಮೊದಲು 2018ರಿಂದೀಚೆಗೆ ತಯಾರಾದ ಟೈರುಗಳ ಮಟ್ಟಿಗೆ, 2024ರ ಅಕ್ಟೋಬರಿನಿಂದ ಎಲ್ಲ ಟೈರುಗಳ ಮಟ್ಟಿಗೂ, ಆ ಅಕ್ಷರಗಳನ್ನಷ್ಟೇ ನೋಡಿ ಚಳಿಗಾಲದ ಟೈರೆಂದು ಒಪ್ಪುವುದನ್ನು ನಿಲ್ಲಿಸಿದ್ದಾರೆ. ನೋಡಬೇಕಾದದ್ದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿಹ್ನೆಯನ್ನು. ಉತ್ತರ ಅಮೆರಿಕದಲ್ಲಿ 1999ರಲ್ಲಿ ಬಳಕೆಗೆ ಬಂದ ಈ ಗುರುತನ್ನು ಪಡೆಯಲು ಟೈರು ಒತ್ತಿ ಕುಳಿತ ಹಿಮದ ಮೇಲೆ ಒಂದು ಮಾನಕ ಟೈರಿಗಿಂತ ಇಂತಿಷ್ಟು ಹೆಚ್ಚಿನ ಹಿಡಿತವನ್ನು ತೋರಿಸಲೇಬೇಕು. ಆದರೆ ಈ ಚಿಹ್ನೆಗೂ ಒಂದು ಮಿತಿಯಿದೆ. ಅದು ಹಿಮದ ಮಾತು, ಮಂಜುಗಡ್ಡೆಯ ಮಾತಲ್ಲ. ಗಾಜಿನಂತೆ ಹೆಪ್ಪುಗಟ್ಟಿದ ನೆಲದ ಮೇಲೆ ಟೈರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2021ರ ಮೇ ತಿಂಗಳಿಂದ ಜಾರಿಗೆ ಬಂದ ಲೇಬಲ್ಲಿನಲ್ಲಿ ಮಂಜುಗಡ್ಡೆಯ ಹಿಡಿತಕ್ಕೆಂದೇ ಬೇರೊಂದು ಚಿತ್ರವನ್ನು ಸೇರಿಸಿರುವುದು ಇದೇ ಕಾರಣಕ್ಕೆ.

ಈ ವ್ಯತ್ಯಾಸ ಮನಸ್ಸಿಗೆ ಬಂದ ಮೇಲೆ, ಚಳಿಗಾಲದ ಟೈರುಗಳಲ್ಲೇ ಎರಡು ಕುಲಗಳಿವೆ ಎಂಬುದು ಅರ್ಥವಾಯಿತು. ಒಂದು ನಾರ್ಡಿಕ್ ಬಗೆ: ತಿಂಗಳುಗಟ್ಟಲೆ ಹಿಮ ಮತ್ತು ಮಂಜುಗಡ್ಡೆ ಕರಗದೆ ಉಳಿಯುವ ನಾಡುಗಳಿಗೆ ಮಾಡಿದ, ತೀರಾ ಮೆತ್ತನೆಯ ರಬ್ಬರಿನ ಟೈರು. ನೋಕಿಯನ್ ಹಕ್ಕಪೆಲಿಟ್ಟ ಆರ್5, ಮಿಶೆಲಿನ್ ಎಕ್ಸ್-ಐಸ್ ಸ್ನೋ, ಬ್ರಿಜ್‌ಸ್ಟೋನ್ ಬ್ಲಿಝಾಕ್ ಡಿಎಂ-ವಿ2, ಕಾಂಟಿನೆಂಟಲ್ ವೈಕಿಂಗ್‌ಕಾಂಟ್ಯಾಕ್ಟ್ ಈ ಸಾಲಿನವು. ಈ ಬ್ಲಿಝಾಕ್ ಟೈರಿನ ರಬ್ಬರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದು, ಮಂಜುಗಡ್ಡೆಯ ಮೇಲಿನ ನೀರಿನ ತೆಳುಪೊರೆಯನ್ನು ಅವು ಹೀರಿಕೊಳ್ಳುತ್ತವೆ. ಜಾರಿಸುವುದು ಹೆಚ್ಚಾಗಿ ಆ ಪೊರೆಯೇ. ಸೊನ್ನೆಯ ಆಸುಪಾಸಿನ ಮಂಜುಗಡ್ಡೆ ಮೈನಸ್ ಇಪ್ಪತ್ತರ ಮಂಜುಗಡ್ಡೆಗಿಂತ ಹೆಚ್ಚು ಜಾರುವುದೂ ಇದರಿಂದಲೇ. ಇನ್ನೊಂದು ಆಲ್ಪೈನ್ ಬಗೆ: ಹಿಮವೂ ಇರಬೇಕು, ಉಪ್ಪು ಚೆಲ್ಲಿ ಕರಗಿಸಿದ ಒದ್ದೆ ಹೆದ್ದಾರಿಯಲ್ಲಿ ವೇಗವಾಗಿಯೂ ಹೋಗಬೇಕು ಎನ್ನುವ ಮಧ್ಯ ಯುರೋಪಿನ ರಸ್ತೆಗಳಿಗೆ ಹೊಂದಿಸಿದ್ದು. ಮಿಶೆಲಿನ್ ಪೈಲಟ್ ಆಲ್ಪಿನ್ 5, ಪಿರೆಲ್ಲಿ ಸ್ಕಾರ್ಪಿಯನ್ ವಿಂಟರ್, ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಇಂಥವು. ಟೈರು ತಾಳಬಲ್ಲ ಗರಿಷ್ಠ ವೇಗವನ್ನು ಸೂಚಿಸುವ, ಪಕ್ಕೆಯ ಮೇಲಿನ ಅಕ್ಷರವನ್ನು ನೋಡಿದರೂ ಈ ಕುಲಭೇದ ತಕ್ಕಮಟ್ಟಿಗೆ ತಿಳಿಯುತ್ತದೆ: ನಾರ್ಡಿಕ್ ಟೈರುಗಳ ಮೇಲೆ ಸಾಮಾನ್ಯವಾಗಿ ಗಂಟೆಗೆ 170 ಕಿಲೋಮೀಟರ್ ಮಿತಿಯ ‘ಆರ್’ ಅಥವಾ 190ರ ‘ಟಿ’ ಕಂಡರೆ, ಆಲ್ಪೈನ್ ಟೈರುಗಳ ಮೇಲೆ 240ರ ‘ವಿ’ ಕಾಣುವುದು ಹೆಚ್ಚು. ಉಕ್ಕಿನ ಮೊಳೆಗಳಿರುವ ಟೈರನ್ನು ನಾನು ಮೊದಲೇ ಬಿಟ್ಟಿದ್ದೆ. ಬರಿ ಡಾಂಬರಿನ ಮೇಲೆ ಅದರ ಗದ್ದಲ ಸಹಿಸಲಾಗದು, ಎಷ್ಟೋ ಕಡೆ ಕಾನೂನೂ ಒಪ್ಪುವುದಿಲ್ಲ.

ಜಾರಿದ ಅನುಭವ ಹಸಿಯಾಗಿದ್ದ ನನ್ನ ಮನಸ್ಸು ಸಹಜವಾಗಿಯೇ ನಾರ್ಡಿಕ್ ಕಡೆಗೆ ವಾಲಿತು. ಅತ್ಯಂತ ಹೆಚ್ಚು ಕಚ್ಚುವ ಟೈರೇ ಬೇಕೆಂದು ಒಂದು ಟೈರ್ ಕಾರ್ಯಾಗಾರಕ್ಕೆ ಹೋಗಿ ಹೇಳಿದೆ. ಅಲ್ಲಿದ್ದ ಹಿರಿಯ ಕೆಲಸಗಾರರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ ಕೇಳಿದರು: “ಆ ಇಳಿಜಾರಿನಲ್ಲಿ ನೀವು ದಿನಕ್ಕೆ ಎಷ್ಟು ಹೊತ್ತು ಇರುತ್ತೀರಿ?”

ಲೆಕ್ಕ ಹಾಕಿದೆ. ಇಳಿಯಲು ಇಪ್ಪತ್ತು ಸೆಕೆಂಡು, ಸಂಜೆ ಹತ್ತಲು ಇಪ್ಪತ್ತು ಸೆಕೆಂಡು.

“ಉಳಿದ ಹೊತ್ತು?”

ಉಳಿದದ್ದು ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ಬಹುಮಟ್ಟಿಗೆ ಉಪ್ಪುನೀರಿನಿಂದ ಕಪ್ಪಾಗಿ ಹೊಳೆಯುವ ಹೆದ್ದಾರಿ. ಹೊರಗೆ ಮೈನಸ್ ಎರಡರಿಂದ ಪ್ಲಸ್ ಮೂರು ನಾಲ್ಕು ಡಿಗ್ರಿ. ರಸ್ತೆ ಪೂರ್ತಿ ಬೆಳ್ಳಗಾಗುವ ದಿನಗಳು ಇಡೀ ಚಳಿಗಾಲದಲ್ಲಿ ಹತ್ತು ಹನ್ನೆರಡು. ಮೆತ್ತನೆಯ ನಾರ್ಡಿಕ್ ಟೈರು ಅಂಥ ಒದ್ದೆ ಡಾಂಬರಿನ ಮೇಲೆ ಆಲ್ಪೈನ್ ಟೈರಿಗಿಂತ ಹೆಚ್ಚು ದೂರ ಹೋಗಿ ನಿಲ್ಲುತ್ತದೆ, ಎತ್ತರದ ಭಾರದ ವಾಹನವಾದರೆ ಲೇನ್ ಬದಲಿಸುವಾಗ ಅದರ ದಿಂಡುಗಳು ಬಳುಕುವುದು ಸ್ಟೀರಿಂಗಿಗೇ ತಿಳಿಯುತ್ತದೆ ಎಂದು ಅವರು ವಿವರಿಸಿದರು. ನಲವತ್ತು ಸೆಕೆಂಡಿನ ಭಯಕ್ಕಾಗಿ ಒಂದೂವರೆ ಗಂಟೆಯ ಸುರಕ್ಷತೆಯನ್ನು ಬಿಟ್ಟುಕೊಡುವ ಲೆಕ್ಕ ನನ್ನದಾಗಿತ್ತು. ಅಲ್ಲೇ ನಿಂತು ಮನಸ್ಸು ಬದಲಿಸಿದೆ, ಮತ್ತು ಮಂಜುಗಡ್ಡೆ ಕಟ್ಟಿದ ಬೆಳಿಗ್ಗೆಗಳಿಗೆ ಬೇರೆಯೇ ಉಪಾಯ ಕಂಡುಕೊಂಡೆ: ಅಂಥ ರಾತ್ರಿಯ ಮುನ್ಸೂಚನೆ ಇದ್ದರೆ ವಾಹನವನ್ನು ಕೆಳಗೆ, ಮುಖ್ಯರಸ್ತೆಯ ಬದಿಯಲ್ಲೇ ಬಿಟ್ಟು ನಡೆದು ಹತ್ತುವುದು. ವರ್ಷವಿಡೀ ಒಂದೇ ಜೊತೆ ಸಾಕೆನ್ನುವ, ಬೆಟ್ಟದ ಚಿಹ್ನೆಯೂ ಇರುವ ಟೈರುಗಳು ಈಗ ಸಾಕಷ್ಟಿವೆ. ಹಗುರ ಕಾರಿಗಾಗಿದ್ದರೆ ನಾನು ಅವನ್ನೇ ಆರಿಸುತ್ತಿದ್ದೆನೋ ಏನೋ.

ಅಲ್ಲಿಂದ ಮುಂದಿನದು ಅಳತೆಯ ಪ್ರಶ್ನೆ. ಹೆಚ್ಚು ಸಮಯ ತಿಂದದ್ದು ಇದು, ನಾನು ಎಡವಿದ್ದೂ ಇಲ್ಲಿಯೇ.

ಬೇಸಿಗೆಯ ರಿಮ್ಮಿಗೇ ಚಳಿಗಾಲದ ಟೈರು ಹಾಕಿಸಬಹುದಿತ್ತು. ಆದರೆ ಮುಂದೊಂದು ಹಿಂದೊಂದು ಅಗಲದ ಟೈರುಗಳನ್ನು ಮುಂದಿನಿಂದ ಹಿಂದಕ್ಕೆ ಅದಲುಬದಲು ಮಾಡಲಾಗದು. 315 ಮಿಲಿಮೀಟರ್ ಅಗಲದ ಟೈರು ಹಿಮದ ಕೆಸರನ್ನು ಸೀಳಿಕೊಂಡು ನೆಲ ಮುಟ್ಟುವ ಬದಲು ಅದರ ಮೇಲೆ ತೇಲಲು ನೋಡುತ್ತದೆ. 35ರ ಗಿಡ್ಡ ಪಕ್ಕೆಯಾದರೆ ಹಿಮದಡಿ ಅಡಗಿರುವ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೇ ಬೀಳುತ್ತದೆ. ಜೊತೆಗೆ ವರ್ಷಕ್ಕೆರಡು ಬಾರಿ ಅದೇ ರಿಮ್ಮಿನಿಂದ ಟೈರು ಕಿತ್ತು ಹಾಕುವುದರಿಂದ ಟೈರಿನ ಅಂಚೂ ಸವೆಯುತ್ತದೆ, ರಿಮ್ಮಿನ ಹೊಳಪೂ ಹೋಗುತ್ತದೆ. ಆದ್ದರಿಂದ ಚಳಿಗಾಲಕ್ಕೆಂದೇ ಒಂದು ಜೊತೆ ಸಣ್ಣ ರಿಮ್ಮು, ನಾಲ್ಕೂ ಒಂದೇ ಅಳತೆಯವು, ಎಂದು ತೀರ್ಮಾನಿಸಿದೆ. ಸಣ್ಣದೆಂದರೆ 19 ಇಂಚು. ಪಕ್ಕೆ ಎತ್ತರವಾದಷ್ಟೂ ಒಳ್ಳೆಯದಲ್ಲವೇ ಎಂಬುದು ನನ್ನ ವಾದ.

ರಿಮ್ಮುಗಳನ್ನು ತರಿಸಿಕೊಟ್ಟ ಮಾರಾಟಗಾರರು ವಾಹನದ ಹೆಸರು ಮತ್ತು ವರ್ಷವನ್ನಷ್ಟೇ ಕೇಳಿ ತಮ್ಮ ಪಟ್ಟಿಯಲ್ಲಿ ನೋಡಿ ಸರಿಹೊಂದುತ್ತದೆ ಎಂದಿದ್ದರು. ಬೋಲ್ಟುಗಳ ವೃತ್ತ, ನಡುವಿನ ರಂಧ್ರ, ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದನ್ನು ಹೇಳುವ ಆಫ್‌ಸೆಟ್, ಎಲ್ಲವೂ ಸರಿಯೇ ಇದ್ದವು. ಕಾರ್ಯಾಗಾರದಲ್ಲಿ ಟೈರು ಏರಿಸುವ ಮೊದಲು ಬರಿಯ ರಿಮ್ಮನ್ನೇ ಮುಂದಿನ ಹಬ್ಬಿಗೆ ಸಿಕ್ಕಿಸಿ, ಎರಡು ಬೋಲ್ಟು ಬಿಗಿದು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಿದೆವು. ಕಾಲು ಸುತ್ತು ತಿರುಗುವಷ್ಟರಲ್ಲಿ ‘ಕರ್’ ಎಂದು ನಿಂತಿತು. ಟಾರ್ಚು ಹಿಡಿದು ನೋಡಿದರೆ, ಬ್ರೇಕಿನ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಉಬ್ಬಿದ ಬೆನ್ನಿಗೂ ರಿಮ್ಮಿನ ಒಳಮೈಗೂ ನಡುವೆ ಕಾಗದದ ಹಾಳೆಯೂ ತೂರದು. ಕ್ಯಾಲಿಪರಿನ ನೀಲಿ ಬಣ್ಣದ ಮೇಲೆ ಬೆಳ್ಳಿಯ ಒಂದು ಎಳೆಯಷ್ಟು ಗೀರು. ನನ್ನ ವಾಹನದಲ್ಲಿರುವುದು ದೊಡ್ಡ ಬ್ರೇಕುಗಳ ಮಾದರಿ, ಆ ಪಟ್ಟಿ ಸಾಮಾನ್ಯ ಬ್ರೇಕಿನದು. ವಾಹನದ ಕೈಪಿಡಿಯ ಹಿಂದಿನ ಪುಟಗಳಲ್ಲಿ, ಈ ಬ್ರೇಕಿಗೆ ಅತಿ ಸಣ್ಣ ರಿಮ್ಮು 20 ಇಂಚು ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಓದದೆ ಇದ್ದವನು ನಾನು. ಮಾರಾಟಗಾರರನ್ನು ಪೂರ್ತಿ ದೂರುವಂತಿಲ್ಲ, ಆದರೂ ರಿಮ್ಮುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರು ಎರಡು ವಾರ ಸತಾಯಿಸಿದ್ದನ್ನು ಮರೆಯಲಾರೆ. ಟೈರು ಏರಿಸಿ ಆಗಿದ್ದರೆ ಅವೂ ವಾಪಸಾಗುತ್ತಿರಲಿಲ್ಲ.

ಕೊನೆಗೆ ನಿಂತದ್ದು 20 ಇಂಚಿಗೆ, ಕೈಪಿಡಿ ಹೇಳಿದ 275/45ಕ್ಕೆ. ಹಳೆಯ 275/40ರ 21 ಇಂಚಿನ ಟೈರಿನ ಒಟ್ಟು ವ್ಯಾಸ ಸುಮಾರು 753 ಮಿಲಿಮೀಟರ್, ಇದರದು 755. ಎರಡು ಮಿಲಿಮೀಟರಿನ ವ್ಯತ್ಯಾಸ ಸ್ಪೀಡೋಮೀಟರಿಗಾಗಲಿ ನಾಲ್ಕು ಚಕ್ರಗಳ ನಡುವೆ ಶಕ್ತಿ ಹಂಚುವ ವ್ಯವಸ್ಥೆಗಾಗಲಿ ಲೆಕ್ಕಕ್ಕಿಲ್ಲ. ಹಿಂದಿನ ಚಕ್ರದಲ್ಲಿ ಮಾತ್ರ ಅಗಲ ನಾಲ್ಕು ಸೆಂಟಿಮೀಟರು ಕಡಿಮೆಯಾಯಿತು, ನನಗೆ ಬೇಕಾಗಿದ್ದುದೂ ಅದೇ.

ಇದೇ ಅಳತೆಯೊಳಗೆ ಇನ್ನೊಂದು ಬಲೆ ಇತ್ತು. ಒಂದು ಕಡೆ ಕಡಿಮೆ ದರಕ್ಕೆ ಸಿಗುತ್ತಿದ್ದ 275/45 ಆರ್ 20 ಟೈರಿನ ಪಕ್ಕೆಯ ಮೇಲೆ 106 ಎಂದಿತ್ತು. ಕೈಪಿಡಿ ಕೇಳುವುದು 110. ನಾಲ್ಕೇ ಅಂಕಿ ಎಂದು ಕೈಬಿಡುವಂತಿಲ್ಲ. ಈ ಲೋಡ್ ಇಂಡೆಕ್ಸಿನ ಕೋಷ್ಟಕದಲ್ಲಿ 106 ಎಂದರೆ ಒಂದು ಟೈರು ಹೊರಬಲ್ಲ ಭಾರ 950 ಕಿಲೋಗ್ರಾಂ, 110 ಎಂದರೆ 1,060. ಐದು ಜನ, ಹಿಂಭಾಗದಲ್ಲಿ ಸಾಮಾನು, ಛಾವಣಿಯ ಮೇಲೆ ಪೆಟ್ಟಿಗೆ ಹೊತ್ತು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳ ಮೇಲೆ ಬೀಳುವ ಭಾರ ನಿಂತ ವಾಹನದ ಭಾರಕ್ಕಿಂತ ಎಷ್ಟೋ ಹೆಚ್ಚು. ಐಷಾರಾಮಿ ಎಸ್‌ಯುವಿಗಳ ಮಾಲೀಕರು ಕಂಪನಿಯ ಹೆಸರಿಗೆ ಕೊಡುವ ಗಮನದ ಅರ್ಧವನ್ನಾದರೂ ಈ ಪುಟ್ಟ ಅಂಕಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. 110 ಇರುವ ಟೈರಿನ ಮೇಲೆ ಹೆಚ್ಚು ಭಾರ ಹೊರಬಲ್ಲದ್ದೆಂದು ಸೂಚಿಸುವ ‘ಎಕ್ಸ್‌ಎಲ್’ ಎಂಬ ಗುರುತೂ ಇರುತ್ತದೆ. ಆ ಹೆಚ್ಚುವರಿ ಬಲ ದೊರೆಯುವುದು ತಕ್ಕಷ್ಟು ಗಾಳಿ ತುಂಬಿದಾಗ ಮಾತ್ರ.

ಕಂಪನಿಯ ಪ್ರಶ್ನೆ ಈಗ ತಾನಾಗಿಯೇ ಸಣ್ಣದಾಯಿತು. ಆಲ್ಪೈನ್ ಬಗೆ, 275/45 ಆರ್ 20, 110, ಬೆಟ್ಟದ ಚಿಹ್ನೆ ಎಂದು ಸೋಸಿದಾಗ ಕೈಗೆ ಸಿಗುವಂತೆ ಉಳಿದದ್ದು ಮೂರು. ಅವುಗಳಲ್ಲಿ ಒಂದು ರನ್‌ಫ್ಲಾಟ್, ಎಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರು. ನನ್ನ ವಾಹನದಲ್ಲಿ ಸ್ಟೆಪ್ನಿ ಇಲ್ಲವಾದ್ದರಿಂದ ರನ್‌ಫ್ಲಾಟ್ ಕಡೆಗೆ ಒಂದು ದಿನ ಮನಸ್ಸು ಹರಿದಿತ್ತು, ಆದರೆ ಚಳಿಯಲ್ಲಿ ಅದರ ಗಡುಸು ಪಕ್ಕೆ ಮೈಗೆ ತಾಗುತ್ತದೆಂದು ಬಿಟ್ಟು, ಗಾಳಿ ತುಂಬುವ ಸಣ್ಣ ಪಂಪನ್ನೂ ಪಂಕ್ಚರ್ ಮುಚ್ಚುವ ದ್ರವವನ್ನೂ ಹಿಂದಿನ ಖಾನೆಯಲ್ಲಿಟ್ಟುಕೊಂಡೆ. ಮಿಕ್ಕ ಎರಡರಲ್ಲಿ ಯಾವುದನ್ನು ತಂದರೂ ಪಶ್ಚಾತ್ತಾಪ ಪಡುವಂತಿರಲಿಲ್ಲ. ಪಕ್ಕೆಯ ಮೇಲಿನ ‘ಡಿಒಟಿ’ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಒಂದರಲ್ಲಿ ಅದು ಆ ವರ್ಷದ್ದೇ ಆಗಿತ್ತು, ಇನ್ನೊಂದರಲ್ಲಿ ಮೂರು ವರ್ಷದ ಹಿಂದಿನದು. ಹೊಸದನ್ನು ತಂದೆ. ಅದರ ಹೆಸರು ಹೇಳಿದರೆ ಜಾಹೀರಾತಾದೀತು. ಮೇಲೆ ಹೇಳಿದ ಆಲ್ಪೈನ್ ಸಾಲಿನಲ್ಲೇ ಅದಿದೆ.

ಹಾಕಿಸಿದ ದಿನದ ಎರಡು ಮಾತು. ಹೊಸ ರಿಮ್ಮುಗಳಿಗೆ ಗಾಳಿಯ ಒತ್ತಡ ತಿಳಿಸುವ ಸೆನ್ಸಾರುಗಳೂ ಬೇಕು, ಅವು ವಾಹನ ಕೇಳುವ ತರಂಗಾಂತರದ್ದೇ ಆಗಿರಬೇಕು. 315 ಮತ್ತು 433 ಮೆಗಾಹರ್ಟ್ಸ್ ಎರಡೂ ಬಳಕೆಯಲ್ಲಿವೆ. ಇನ್ನೊಂದು, ಕಾರ್ಯಾಗಾರದ ಒಳಗೆ ಇಪ್ಪತ್ತು ಡಿಗ್ರಿ ಬೆಚ್ಚಗಿದ್ದಾಗ ಲೆಕ್ಕಕ್ಕೆ ಸರಿಯಾಗಿ ಗಾಳಿ ತುಂಬಿಸಿದ್ದೆವು. ಮರುದಿನ ಬೆಳಿಗ್ಗೆ ಮೈನಸ್ ಎಂಟರಲ್ಲಿ ಗಾಡಿ ಚಾಲು ಮಾಡಿದಾಗ ನಾಲ್ಕೂ ಚಕ್ರಗಳಲ್ಲಿ 0.3 ಬಾರ್‌ನಷ್ಟು ಇಳಿದು, ಫಲಕದಲ್ಲಿ ಹಳದಿ ದೀಪ ಹೊತ್ತಿಕೊಂಡಿತ್ತು. ಎಲ್ಲೋ ಸೋರುತ್ತಿದೆಯೆಂದು ಗಾಬರಿಯಾಗಿ ಫೋನು ಮಾಡಿದಾಗ ಆ ಹಿರಿಯರು ನಕ್ಕು, “ಟೈರು ಸರಿಯಾಗಿದೆ, ಗಾಳಿ ಮುದುಡಿಕೊಂಡಿದೆ” ಎಂದರು. ಹತ್ತು ಡಿಗ್ರಿ ಇಳಿದರೆ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಅಂದಿನಿಂದ ಗಾಳಿ ನೋಡುವುದು ಹೊರಗೆ, ಚಳಿಯಲ್ಲಿ, ಗಾಡಿ ಇನ್ನೂ ಹೊರಡದಿದ್ದಾಗ. ಬೋಲ್ಟುಗಳನ್ನು ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಸಿದೆ.

ಹೊಸ ಟೈರಿನ ಮೈಮೇಲಿನ ನುಣುಪು ಸವೆಯಲೆಂದು ಕೆಲವು ದಿನ ಮೆಲ್ಲಗೆ ಓಡಿಸಿ, ಎರಡನೆಯ ಹಿಮ ಬಿದ್ದ ಭಾನುವಾರ ಒಂದು ಖಾಲಿ ಪಾರ್ಕಿಂಗ್ ಮೈದಾನಕ್ಕೆ ಹೋದೆ. ಒತ್ತಿ ಕುಳಿತ ಹಿಮದ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರಿನಿಂದ ಪೂರ್ತಿ ಬ್ರೇಕ್ ಹಾಕಿ, ಇಳಿದು ಗುರುತನ್ನು ಹೆಜ್ಜೆಗಳಲ್ಲಿ ಅಳೆದೆ: ಹದಿಮೂರು. ಮೂರು ಬಾರಿ ಮಾಡಿದೆ, ಹದಿಮೂರು ಹದಿನಾಲ್ಕರ ಆಚೆಗೆ ಹೋಗಲಿಲ್ಲ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟಾಗುತ್ತದೆ ಎಂಬ ಶಾಲೆಯ ಪಾಠದ ಪ್ರಕಾರ ಅರವತ್ತರಲ್ಲಿ ಅದು ಐವತ್ತು ಹೆಜ್ಜೆ ದಾಟುತ್ತದೆ. ಆ ಲೆಕ್ಕ ತಲೆಯಲ್ಲಿದ್ದುದರಿಂದ ಹೆದ್ದಾರಿಯಲ್ಲಿ ಮುಂದಿನ ವಾಹನದಿಂದ ನಾನು ಬಿಡುವ ಅಂತರ ತಾನಾಗಿಯೇ ಹೆಚ್ಚಿತು. ಮೈದಾನದ ಮೂಲೆಯೊಂದರಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಒಂದು ಪಟ್ಟಿಯಿತ್ತು. ಅಲ್ಲಿ ಅದೇ ಮೂವತ್ತರಿಂದ ನಿಲ್ಲಲು ನಲವತ್ತು ಹೆಜ್ಜೆಯ ಹತ್ತಿರ ಹಿಡಿಯಿತು. ನಾರ್ಡಿಕ್ ಟೈರಾಗಿದ್ದರೆ ಅದಕ್ಕಿಂತ ಮೊದಲೇ ನಿಲ್ಲುತ್ತಿತ್ತು. ಆರಿಸುವಾಗ ಬಿಟ್ಟುಕೊಟ್ಟದ್ದು ಏನೆಂದು ಕಣ್ಣಾರೆ ಕಂಡಿತು, ಮತ್ತು ಮಂಜುಗಡ್ಡೆ ಕಟ್ಟುವ ರಾತ್ರಿಗಳಲ್ಲಿ ಗಾಡಿಯನ್ನು ಕೆಳಗೇ ನಿಲ್ಲಿಸುವ ನಿಯಮವನ್ನು ನಾನು ಒಮ್ಮೆಯೂ ಮುರಿಯಲಿಲ್ಲ. ಒಟ್ಟು ಒಂಬತ್ತು ರಾತ್ರಿ ಹಾಗೆ ನಡೆದು ಹತ್ತಿದೆ.

ಬೆಳಗಿನ ಉಷ್ಣಾಂಶ ಏಳು ಡಿಗ್ರಿಯನ್ನು ದಾಟಿ ಅಲ್ಲಿಯೇ ನಿಂತ ಮೇಲೆ ಟೈರುಗಳನ್ನು ಬಿಚ್ಚಿಸಿದೆ. ಅಳೆದು ನೋಡಿದಾಗ ಮುಂದಿನವುಗಳ ಟ್ರೆಡ್ಡಿನಲ್ಲಿ 7.4 ಮಿಲಿಮೀಟರ್, ಹಿಂದಿನವುಗಳಲ್ಲಿ 6.9 ಉಳಿದಿತ್ತು. ನಾಲ್ಕಕ್ಕಿಂತ ಕೆಳಗಿಳಿದರೆ ಹಿಮದಲ್ಲಿ ಅವುಗಳ ಮೇಲೆ ಭರವಸೆಯಿಡುವಂತಿಲ್ಲ, ಆದ್ದರಿಂದ ಇನ್ನೂ ಎರಡು ಚಳಿಗಾಲಕ್ಕೆ ಚಿಂತೆಯಿಲ್ಲ. ಸಂದಿಗಳಲ್ಲಿ ಸಿಕ್ಕಿದ್ದ ಹರಳುಗಳನ್ನು ಕಿತ್ತು, ಉಪ್ಪು ಹೋಗುವಂತೆ ತೊಳೆದು ಒಣಗಿಸಿ, ಪ್ರತಿಯೊಂದರ ಒಳಮೈಯಲ್ಲಿ ಸೀಮೆಸುಣ್ಣದಿಂದ ಅದು ಇದ್ದ ಜಾಗವನ್ನು ಬರೆದೆ. ಬರುವ ಚಳಿಗಾಲಕ್ಕೆ ‘ಹಿಂದೆ ಎಡ’ ಎಂದಿರುವುದು ಮುಂದೆ ಎಡಕ್ಕೆ ಹೋಗಬೇಕು. ರಿಮ್ಮಿನ ಮೇಲೆಯೇ ಇರುವುದರಿಂದ ಅವನ್ನು ಬೆಳಕು ಬೀಳದ ಗೋಡೆಯ ಬದಿಗೆ ಒಂದರ ಮೇಲೊಂದು ಪೇರಿಸಿ ಹೊದಿಕೆ ಮುಚ್ಚಿದ್ದೇನೆ.